ಬೋರ್ಡಕ್ಕ ಮುಚ್ಚಿದ ದಾರಿ

ಬಸ್ ನಿಲ್ದಾಣದ ಮಹಡಿಯ ಕಂಟ್ರೋಲ್ ರೂಮಿನಲ್ಲಿ ಕೂರುವವಳಿಗೆ ಎಲ್ಲರ ಬಾಯಲ್ಲೂ ಬೋರ್ಡಕ್ಕ ಎಂದೇ ಹೆಸರು. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಎಂದು ತೋರಿಸುವ ಬೋರ್ಡುಗಳೆಲ್ಲ ಅವಳ ಸುಪರ್ದಿ. ಡಿಪೋಗಳು ಕಳಿಸುವ ಮೆಸೇಜುಗಳು ಕ್ಲೌಡಿನಲ್ಲಿ ಒಂದರ ಹಿಂದೊಂದು ಕ್ಯೂ ನಿಲ್ಲುತ್ತವೆ. ಬೋರ್ಡುಗಳು ಅಲ್ಲಿಂದ ಒಂದೊಂದನ್ನೇ ಎತ್ತಿಕೊಂಡು ತೋರಿಸುತ್ತವೆ. ಇದರಲ್ಲೇನೂ ಬ್ರಹ್ಮವಿದ್ಯೆ ಇಲ್ಲ.

ಮೊದಲು ಇದೆಲ್ಲ ಎಲ್ಲಿತ್ತು! ಇದೇ ರೂಮಿನಲ್ಲಿ ಮೈಕಿನಲ್ಲಿ ಬಸ್ಸುಗಳನ್ನು ಕೂಗುತ್ತಿದ್ದ ಮೈಕಣ್ಣ ಬಾಯಿ ತೆಗೆದರೆ ಕೆಳಗೆ ಗೊರಕೆ ಹೊಡೆಯುತ್ತಿದ್ದವರೂ ದಡಬಡಿಸಿ ಎದ್ದು ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು. ಎಂಥ ಕಂಠ ಅಂತೀರಿ! ಆಗ ಬೋರ್ಡಕ್ಕ ಡಿಪೋದಲ್ಲಿ ಹೊಸಬಳು. ಮೊದಲ ಬಸ್ಸು ಹೊರಡುವ ಮುಂಚೆ ಮೈಕಣ್ಣ ಡಿಪೋದ ಲೈನಿಗೆ ಫೋನು ಮಾಡಿ, ಎದ್ದೆಯಾ ತಂಗಿ, ಲೈನ್ ಇದೆಯಾ ಎಂದು ಕೇಳಲೇಬೇಕು, ಇವಳು ಇದೆ ಅನ್ನಲೇಬೇಕು. ಆಮೇಲೆಯೇ ಕೆಲಸ ಶುರು.

ಪಾಪ, ಆ ಗಂಟಲಿಗೇ ರೋಗ ಬಂತು. ಆಪರೇಷನ್ ಆಗಿ ಜೀವ ಉಳಿಯಿತು, ದನಿ ಹೋಯಿತು. ಅಷ್ಟರಲ್ಲಿ ಬೋರ್ಡುಗಳು ಬಂದು, ಬೋರ್ಡಕ್ಕ ಈ ರೂಮಿಗೆ ಬಂದಳು; ಆಫೀಸಿನವರು ಮೈಕಣ್ಣ ಮನೆಯಿಂದಲೇ ಕಂಪ್ಯೂಟರಿನಲ್ಲಿ ಕ್ಯೂಗೆ ಮೆಸೇಜು ಹಾಕುವ ಕೆಲಸ ಮಾಡಲಿ ಎಂದರು. ಅವರ ಮನೆಯ ಇಂಟರ್‌ನೆಟ್ ವಿಳಾಸ ದಿನಕ್ಕೊಂದು ಥರ ಬದಲಾಗುತ್ತಿದ್ದುದರಿಂದ ಕ್ಯೂ ಎಲ್ಲ ವಿಳಾಸಗಳಿಗೂ ತೆರೆದೇ ಇತ್ತು. ಮೈಕಣ್ಣ ನಿವೃತ್ತರಾದರೂ ಆ ಬೆಳಗಿನ ಪ್ರಶ್ನೆ ಕ್ಯೂನಲ್ಲಿ ಬರುವುದು ನಿಲ್ಲಲಿಲ್ಲ. ಬೋರ್ಡುಗಳ ಸ್ವಿಚ್ ಹಾಕುವ ಮೊದಲೇ ಬೋರ್ಡಕ್ಕ ಅದನ್ನು ಕ್ಯೂನಿಂದ ತೆಗೆದು, ಇದೆ ಅಣ್ಣ ಎಂದು ಉತ್ತರ ಕಳಿಸುತ್ತಿದ್ದಳು. ಫೋನಿಗೇ ಒಂದು ಮೆಸೇಜ್ ಹಾಕಬಾರದಿತ್ತೇ ಎಂದು ನೀವು ಕೇಳಬಹುದು. ಕೆಲಸದ ನೆಪವಿಲ್ಲದೆ ಮಾತಾಡಿ ಇಬ್ಬರಿಗೂ ಅಭ್ಯಾಸವೇ ಇರಲಿಲ್ಲ.

ಒಂದು ದಿನ ಬೋರ್ಡಕ್ಕ ಬರುವುದು ತಡವಾಯಿತು. ಬೇರೆ ಯಾರೋ ಬೋರ್ಡುಗಳನ್ನು ಹಾಕಿಬಿಟ್ಟರು. ನಿಲ್ದಾಣದ ತುಂಬ ದಪ್ಪಕ್ಷರದಲ್ಲಿ ‘ಎದ್ದೆಯಾ ತಂಗಿ?’ ಕೆಳಗಿದ್ದ ಅಜ್ಜಿಯೊಬ್ಬಳು ಆಗಲೇ ಎದ್ದಾಯಿತಪ್ಪ ಎಂದು ಬೋರ್ಡಿಗೇ ಉತ್ತರ ಕೊಟ್ಟಳಂತೆ. ಜನ ಬಿದ್ದು ಬಿದ್ದು ನಕ್ಕರು. ಮ್ಯಾನೇಜರ್ ನಗಲಿಲ್ಲ. ಹೊರಗಿನವರು ಬೇಕಾದ್ದು ಬರೆಯುವ ಹಾಗಿದ್ದರೆ ನಾಳೆ ಯಾರಾದರೂ ಸುಳ್ಳು ಬಸ್ಸೇ ಬಿಟ್ಟಾರು, ಡಿಪೋಗಳ ವಿಳಾಸ ಬಿಟ್ಟು ಉಳಿದದ್ದೆಲ್ಲ ಮುಚ್ಚಿ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು?

ಬೋರ್ಡಕ್ಕ ಡಿಪೋಗಳ ವಿಳಾಸಗಳನ್ನು ಒಂದೊಂದಾಗಿ ಸೇರಿಸಿದಳು. ಕೊನೆಯ ಬಟನ್ನಿನ ಹತ್ತಿರ ಕೈ ತಡೆಯಿತು. ಇದನ್ನು ಒತ್ತಿದರೆ ಮೈಕಣ್ಣನ ಮಾತು ನಿಂತೇಹೋಗುತ್ತದೆ. ಲೈನಿನ ವಿಷಯದಲ್ಲಿ ದಾಕ್ಷಿಣ್ಯ ಕೂಡದು ಎಂದು ಕಲಿಸಿದವರೂ ಅವರೇ. ಒತ್ತಿದಳು.

ಮರುದಿನ ಕ್ಯೂನಲ್ಲಿ ಬರೀ ಬಸ್ಸುಗಳು. ಡ್ಯೂಟಿ ಮುಗಿದದ್ದೇ ಮೈಕಣ್ಣನ ಮನೆಗೆ ಹೋದಳು. ಇಷ್ಟು ವರ್ಷದಲ್ಲಿ ಅದೇ ಮೊದಲು.

ಮೈಕಣ್ಣ ಅವಳನ್ನು ಕೂರಿಸಿ, ಫೋನಿನಲ್ಲಿ ಬರೆದು ತೋರಿಸಿದರು. ಬೆಳಗ್ಗೆಯಿಂದ ಎಲ್ಲ ಕಡೆಯಿಂದಲೂ ನುಗ್ಗಲು ನೋಡಿದೆ, ಎಲ್ಲೂ ಸಂದಿ ಬಿಟ್ಟಿಲ್ಲ, ಶಹಬ್ಬಾಸ್ ಎಂದಿತ್ತು.

“ಸುಮ್ನಿರಿ ಅಣ್ಣ,” ಎಂದಳು ಬೋರ್ಡಕ್ಕ. “ನಿಮ್ಮನ್ನ ಹೊರಗೆ ಹಾಕಿ ಬಂದಿದೀನಿ. ಅದಕ್ಕೆ ಶಹಬ್ಬಾಸ್ ಬೇರೆ ಕೇಡು.”

ಮೈಕಣ್ಣ ನಕ್ಕರು. ಮತ್ತೆ ಫೋನು ತೆಗೆದುಕೊಂಡು ಬರೆದರು, ಅಳಿಸಿದರು, ಬರೆದರು. ಬಹಳ ಹೊತ್ತಾದ ಮೇಲೆ ಅವಳ ಮುಂದೆ ಹಿಡಿದರು.

‘ಭಾನುವಾರ ಬರ್ತೀಯಾ ತಂಗಿ? ಕೆಲಸ ಏನೂ ಇಲ್ಲ.’

ಬೋರ್ಡಕ್ಕ ಹೂಂ ಅನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಅವಳೂ ದನಿಯಿಲ್ಲದೆ ತಲೆಯಾಡಿಸಿಯೇ ಉತ್ತರ ಕೊಟ್ಟಳು.