ಯಾವ ಧೂಪ?

ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪದಗಳ ಅರ್ಥ ಹೇಳಿಕೊಡುತ್ತಲೇ ನಿವೃತ್ತಿಯಾದವಳು ನಾನು. ತಪ್ಪು ಅರ್ಥ ಬರೆದವರ ಕಿವಿ ಹಿಂಡಿದ್ದೇನೆ. 'ಗೊತ್ತಿಲ್ಲಂದ್ರ ಬಾಯಿಬಿಟ್ಟು ಕೇಳ್ರಿ, ಅದರಾಗೇನು ನಾಚಿಕಿ' ಎಂದು ಗದರಿಸಿದ್ದೇನೆ. ಅಂಥ ನನ್ನ ಮಾನ ನಾಗಪುರದಲ್ಲಿ ಎರಡಕ್ಷರದ ಒಂದು ಪದಕ್ಕೆ ಹರಾಜಾಯಿತು.

ಮಗಳ ಬಾಣಂತನಕ್ಕೆಂದು ಗದಗಿನಿಂದ ಹೋಗಿದ್ದೆ. ಮಗಳು ಅಲ್ಲಿ ರಸಾಯನಶಾಸ್ತ್ರದ ಸಂಶೋಧಕಿ. ಅಳಿಯ ಮರಾಠಿಯವನು, ಬುಟಿಬೋರಿಯ ಕಾರ್ಖಾನೆಯಲ್ಲಿ ಕೆಲಸ. ಮೊದಲ ಹೆರಿಗೆ ತವರಲ್ಲೇ ಆಗಬೇಕೆಂದು ನಾನು ಹಟ ಹಿಡಿದಿದ್ದೆ. ಡಾಕ್ಟರು ಪ್ರಯಾಣ ಬೇಡವೆಂದದ್ದಕ್ಕೆ ತವರನ್ನೇ ಚೀಲದಲ್ಲಿ ತುಂಬಿಕೊಂಡು ಮನೀಶ್ ನಗರದ ಅವರ ಮನೆಗೆ ಬಂದಿಳಿದೆ. ನನಗಿದ್ದ ಆಸೆ ಒಂದೇ. ಮೊಮ್ಮಗುವಿಗೆ ನನ್ನ ಕೈಯಾರೆ ಎಣ್ಣೆ ಹಚ್ಚಿ ಎರೆಯಬೇಕು.

ಆದರೆ ಆ ಕೈಗಳೇ ಸರಿಯಿರಲಿಲ್ಲ. ಸೋರಿಯಾಸಿಸ್. ಮುಂಗೈಯಿಂದ ಮೊಳಕೈವರೆಗೂ ಕೆಂಪು ಕಲೆ, ಅದರ ಮೇಲೆ ಬಿಳಿ ಹೊಪ್ಪಳೆ. ಅಂಟುರೋಗವಲ್ಲ, ನನಗೆ ಗೊತ್ತು. ನೋಡುವವರ ಕಣ್ಣಿಗೆ ಗೊತ್ತಿರಬೇಕಲ್ಲ! ಉದ್ದ ತೋಳಿನ ಕುಪ್ಪಸ ತೊಟ್ಟು ಮುಚ್ಚಿಕೊಂಡಿದ್ದೆ. ಮಗಳಿಗೆ ಸೀಮಂತದ ಕುಬಸ ಮಾಡಿದ ದಿನ ನಾಗಪುರದ ಹಳೇ ಪೇಟೆ ಮಹಾಲ್‌ನಿಂದ ಬಂದಿದ್ದ ಬೀಗತಿಗೆ ಕುಂಕುಮ ಹಚ್ಚಲು ಕೈ ಎತ್ತಿದಾಗ ತೋಳು ಸರಿಯಿತು. ಅವರ ಕಣ್ಣು ಅಲ್ಲಿ ಒಂದು ಗಳಿಗೆ ನಿಂತಿತು. ಏನೂ ಅನ್ನಲಿಲ್ಲ. ಅಂದಿದ್ದರೆ ನಾನೂ ತಿರುಗಿ ಒಂದು ಅನ್ನುತ್ತಿದ್ದೆ. ಸುಮ್ಮನಿದ್ದದ್ದೇ ಚುಚ್ಚಿತು.

ಮರುದಿನ ತರಕಾರಿ ತರುತ್ತೇನೆಂದು ಹೇಳಿ ಒಬ್ಬಳೇ ಚರ್ಮದ ಡಾಕ್ಟರ ಹತ್ತಿರ ಹೋದೆ. ದಿನ ತುಂಬಿದ ಮಗಳಿಗೆ ಇದೊಂದು ಚಿಂತೆ ಬೇರೆ ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನಾಚಿಕೆ. ಡಾಕ್ಟರು ರಾತ್ರಿ ಹಚ್ಚಿಕೊಂಡು ಬೆಳಿಗ್ಗೆ ತೊಳೆಯಲು ಒಂದು ಕಪ್ಪು ಮುಲಾಮು ಬರೆದರು. ಕೊನೆಗೆ ಬೆರಳೆತ್ತಿ ಹೇಳಿದರು: "ಕಾಕೂ, ಧೂಪ್ ಸೇ ಬಚ್ನಾ. ಧೂಪ್ ಬಿಲ್‌ಕುಲ್ ನಹೀಂ!"

"ಹಾಂ ಹಾಂ," ಎಂದೆ. ಹಿಂದಿ ಬರುತ್ತದೆ ಎಂದು ಮಗಳ ಮುಂದೆ ಜಂಬ ಕೊಚ್ಚಿಕೊಂಡವಳು ಇನ್ನೇನು ಅಂದೇನು?

ಮುಲಾಮಿನ ಮುಚ್ಚಳ ತೆರೆದರೆ ಘಮ್ಮೆಂದು ಡಾಂಬರಿನ ವಾಸನೆ. ಡಾಂಬರಿಗೂ ಬೆಂಕಿಗೂ ಆಗಿಬರುವುದಿಲ್ಲ, ಅದಕ್ಕೇ ಧೂಪ ಬೇಡವೆಂದಿದ್ದಾರೆ, ಎಷ್ಟು ಮುಂದಾಲೋಚನೆಯ ಡಾಕ್ಟರು ಎಂದು ಮನಸ್ಸಿನಲ್ಲೇ ಹೊಗಳಿದೆ! ದೇವರ ಮುಂದೆ ಧೂಪ ಬಿಟ್ಟೆ, ಊದಿನಕಡ್ಡಿಯನ್ನೂ ಬಿಟ್ಟೆ. ಬೆಳಿಗ್ಗೆ ಕೈ ತೊಳೆದು, ತೋಳು ಮಡಚಿ, ತಾರಸಿಯ ಮೇಲೆ ನಾಗಪುರದ ಕಿತ್ತಳೆಯ ಸಿಪ್ಪೆ ಹರವಿಕೊಂಡು ಕೂರುತ್ತಿದ್ದೆ. ಮಗುವಿಗೆ ಎರೆಯುವ ಹಿಟ್ಟಿಗೆ ಒಣಗಿದ ಸಿಪ್ಪೆ ಬೇಕಲ್ಲ. ಚಳಿಗಾಲದ ಬಿಸಿಲು ಮೈಗೆ ಹಿತವಾಗಿತ್ತು. ಚರ್ಮಕ್ಕೆ ಬಿಸಿಲು ಒಳ್ಳೆಯದೆಂಬ ನಂಬಿಕೆ ಬೇರೆ.

"ಅವ್ವಾ, ನಿನ್ನ ಖೋಲಿ ಯಾಕೋ ಡಾಂಬರಗುಳಿಗಿ ವಾಸನಿ ಹೊಡ್ಯಾಕತ್ತೈತಿ," ಎಂದಳು ಮಗಳು ಒಂದು ದಿನ.

"ಟ್ರಂಕಿನಾಗ ಹಾಕೇನಿ, ನುಸಿ ಹತ್ತಬಾರದಂತ," ಎಂದು ಸುಳ್ಳು ಬಿಟ್ಟೆ.

ಕೈ ಕೆಂಪೇರಿತು. ಮೆಣಸಿನಕಾಯಿ ಅರೆದು ಮೆತ್ತಿದಂತೆ ಉರಿ. ಔಷಧಿ ಕೆಲಸ ಮಾಡುತ್ತಿದೆ ಎಂದುಕೊಂಡು ಮತ್ತೆ ಹಚ್ಚಿದೆ, ಮತ್ತೆ ಬಿಸಿಲಿಗೆ ಕೂತೆ. ಬೊಬ್ಬೆ ಎದ್ದವು. ಒಂದು ಮಧ್ಯಾಹ್ನ ಮಗಳಿಗೆ ಬಡಿಸುವಾಗ ಬೊಬ್ಬೆಗೆ ಸಾರಿನ ಬಿಸಿ ತಾಗಿ ಸೌಟು ಜಾರಿ ಬಿತ್ತು. ಅವಳು ನನ್ನ ಕೈ ಹಿಡಿದು ತೋಳು ಸರಿಸಿದಳು. ಮೂಸಿದಳು.

"ಇದನ್ನ ಹಚ್ಕೊಂಡು ಬಿಸಲಾಗ ಕುಂತಿದ್ದೇನವ್ವಾ?"

"ಕುಂತಿದ್ದೆ, ಬಿಸಲಿಗೇನಾತು? ಡಾಕ್ಟರು ಧೂಪ ಬ್ಯಾಡ ಅಂದಾರ, ಹಚ್ಚಿಲ್ಲ. ಒಂದ ಊದಿನಕಡ್ಡಿ ಸುದ್ದಾ ಹಚ್ಚಿಲ್ಲ. ಬೇಕಾದ್ರ ದೇವರ ಖೋಲಿ ನೋಡ್ಕೊಂಡು ಬಾ!"

ಅವಳು ನನ್ನ ಮುಖವನ್ನೇ ನೋಡಿದಳು. "ಅವ್ವಾ, ಹಿಂದಿಯೊಳಗ ಧೂಪ್ ಅಂದ್ರ ಬಿಸಲು."

ನಕ್ಕಳು. ನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು. ನನಗೆ ಅಲ್ಲೇ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಕೈಗೆ ತಣ್ಣೀರಿನ ಬಟ್ಟೆ ಸುತ್ತಿ, ಕುಬಸದಲ್ಲಿ ಮಿಕ್ಕಿದ್ದ ಹಸಿರು ಬಳೆಗಳನ್ನು ಅವಳು ಚಾಪೆಯ ಮೇಲಿಟ್ಟಳು. "ಇದೊಂದು ಉಂಗುರ ಅಂತ ತಿಳಕೋ. ಕಾರ್ಬನ್ನು, ಹೈಡ್ರೋಜನ್ನು, ಅಷ್ಟ. ಎರಡು ಬಾಜೂಕ ಬಾಜೂಕ ಬೆಸೆದ್ರ ನಿನ್ನ ಟ್ರಂಕಿನ ಡಾಂಬರಗುಳಿಗಿ." ಸುಳ್ಳು ಸಿಕ್ಕಿಬಿದ್ದದ್ದು ಗೊತ್ತಾಯಿತು. ಅವಳು ಮೂರನೆಯ ಬಳೆ ಜೋಡಿಸಿದಳು. "ಮೂರಾದ್ರ ಆಂಥ್ರಸೀನ್. ಇಂಥಾವು ಡಾಂಬರಿನ್ಯಾಗ ರಗಡ ಇರ್ತಾವು. ತೊಳೆದ್ರೂ ಚರ್ಮದಾಗ ಉಳಿದು ಬಿಸಲಿನ ಬೆಳಕು ಕುಡೀತಾವು. ಕುಡಿದದ್ದನ್ನ ಬಾಜೂಕಿನ ಆಕ್ಸಿಜನ್ನಿಗೆ ದಾಟಸ್ತಾವು. ಅದು ರೊಚ್ಚಿಗೆದ್ದು ಚರ್ಮ ಸುಡತೈತಿ."

"ಹಂಗಾದ್ರ ಇಂಥಾ ವಿಷ ಯಾಕ ಕೊಟ್ಟರು?"

"ವಿಷ ಅಲ್ಲವ್ವಾ. ಹೊಪ್ಪಳಿಗೆ ಡಾಂಬರು ಚಲೋನ. ಕೆಲವರಿಗೆ ಇದನ್ನ ಹಚ್ಚಿ, ಅಳತಿ ಹಿಡಿದು ದೀಪದ ಬೆಳಕನ್ನೂ ಕೊಡ್ತಾರ. ನೀ ಅಳತಿ ಇಲ್ಲದ ಬಿಸಲು ಕುಡಿಸೀದಿ."

ಅವಳ ಕೆಲಸವೂ ಈ ಮೂರು ಉಂಗುರದ್ದೇ ಎಂದು ನನಗೆ ಅಂದು ತಿಳಿಯಿತು. ಬೆಳಕು ಬಿದ್ದರೆ ಎರಡು ಆಂಥ್ರಸೀನುಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವಂತೆ, ಕಾಸಿದರೆ ಬಿಡುತ್ತವಂತೆ. ಗೀರು ಬಿದ್ದರೆ ಕಾಸಿ, ಬೆಳಕು ತೋರಿಸಿ ಮತ್ತೆ ಕೂಡಿಸಬಹುದಾದ ಲೇಪವನ್ನು ಅವಳು ಮಾಡುತ್ತಿದ್ದಾಳೆ. ನಾನು ಊರಲ್ಲಿ ಎಲ್ಲರಿಗೂ 'ಅದೇನೋ ಬಣ್ಣದ ಕೆಲಸ' ಎಂದು ಹೇಳಿಕೊಂಡು ತಿರುಗಿದ್ದೆ. ಮಗಳನ್ನೇ ಕೇಳಬಹುದಿತ್ತು. ತಿಳಿಯದಿದ್ದರೆ ಟೀಚರಮ್ಮನ ಮರ್ಯಾದೆ ಹೋದೀತೆಂದು ಕೇಳಿರಲಿಲ್ಲ, ಅಷ್ಟೇ.

ಡಾಕ್ಟರ ಹತ್ತಿರ ಈ ಸಲ ಅವಳೂ ಬಂದಳು. ಡಾಂಬರಿನ ಮುಲಾಮು ನಿಂತಿತು, ಬೇರೆಯದು ಬಂತು. ಗಾಯ ಮಾಯುವವರೆಗೆ ಬಿಸಿಲು ಬೇಡ, ಎಣ್ಣೆ ನೀರಲ್ಲಿ ಕೈಯಾಡಿಸುವುದೂ ಬೇಡ ಎಂದರು. ಮಾಯುವ ಮೊದಲೇ ಮೊಮ್ಮಗಳು ಹುಟ್ಟಿದಳು.

ಎರೆಯುವ ದಿನ ಬೀಗತಿ ಬಂದರು. ನಾನು ಕೈಗಳನ್ನು ಸೆರಗಿನಡಿ ಹುದುಗಿಸಿ ಬಚ್ಚಲ ಬಾಗಿಲಲ್ಲಿ ನಿಂತಿದ್ದೆ. ಮಗಳು ಅವರಿಗೆ ಎಲ್ಲ ಹೇಳಿದ್ದಳೆಂದು ಕಾಣುತ್ತದೆ. ಅವರು ನನ್ನ ತೋಳನ್ನು ನೇರವಾಗಿ ನೋಡಿ ಗದರಿದರು: "ವಿಹಿಣಬಾಯಿ, ಹಾತ್ ಖರಾಬ್ ಹೈ ತೋ ಕ್ಯಾ ಹುವಾ? ಪಾಂವ್ ತೋ ಹೈ ನಾ! ಬೈಠೋ." ಬೀಗತಿಯವರೇ, ಕೈ ಹಾಳಾದರೇನು, ಕಾಲಿವೆಯಲ್ಲ ಎಂದು ಮಣೆ ಹಾಕಿದರು. ನಾನು ಕಾಲು ನೀಡಿ ಕೂತೆ. ಮಗುವನ್ನು ನನ್ನ ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ನಾನು ಒಣಗಿಸಿದ್ದ ಸಿಪ್ಪೆಯ ಹಿಟ್ಟು ಹಚ್ಚಿ ಅವರೇ ಎರೆದರು. ನನ್ನ ಕೈ ಮಗುವನ್ನು ಮುಟ್ಟಲೇ ಇಲ್ಲ.

ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಬೀಗತಿ ಎದ್ದರು. "ಅಬ್ ಇಸ್ಕೋ ಥೋಡಾ ಧೂಪ್ ದಿಖಾತೇ ಹೈಂ."

ಮಗುವಿಗೆ ಸ್ವಲ್ಪ ಧೂಪ್ ತೋರಿಸಬೇಕಂತೆ. ಅಭ್ಯಾಸಬಲ, "ಹಾಂ ಹಾಂ" ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಕಿವಿ ಬಿಸಿಯಾಯಿತು. ಕೋಣೆಯಲ್ಲಿ ಮಲಗಿದ್ದ ಮಗಳಿಗೂ ಕೇಳುವಂತೆ ಕೇಳಿದೆ: "ಕೌನ್ ಸಾ ಧೂಪ್?"

ಬೀಗತಿ ತಬ್ಬಿಬ್ಬಾದರು. ಹೊರಗೆ ಗ್ಯಾಲರಿಯ ಬಿಸಿಲು ನೋಡಿದರು, ಮೂಲೆಯಲ್ಲಿ ಮಗುವಿಗೆ ಧೂಪ ಹಾಕಲು ನಾನು ಸಿದ್ಧಮಾಡಿಟ್ಟಿದ್ದ ಕೆಂಡದ ತಟ್ಟೆ, ಲೋಬಾನ ನೋಡಿದರು. ಆಮೇಲೆ ಅರ್ಥವಾಗಿ, ನಗದೆ, "ದೋನೋ," ಎಂದರು.

ಎರಡೂ ಅಂತೆ. ಮೊದಲು ಗ್ಯಾಲರಿಗೆ ಹೋದರು. ನಾನು ಹೊಸ್ತಿಲು ದಾಟುವಂತಿರಲಿಲ್ಲ. ಎಳೆಬಿಸಿಲಿನಲ್ಲಿ ಮಗು ಕಣ್ಣು ಕಿರಿದು ಮಾಡಿ ಆಕಳಿಸುವುದನ್ನು ಒಳಗಿನಿಂದಲೇ ನೋಡಿದೆ.

"ಹೊಗಿ ಸ್ವಲ್ಪ ಸಾಕವ್ವಾ," ಎಂದಳು ಮಗಳು ಕೋಣೆಯಿಂದ.

ಕೆಂಡದ ಮೇಲೆ ಒಂದು ಚಿಟಿಕೆ ಲೋಬಾನ ಉದುರಿಸಿ, ನನ್ನ ಪಾಲಿನ ಧೂಪ ಮುಂದಿಟ್ಟುಕೊಂಡು, ಅವರು ಒಳಗೆ ಬರುವುದನ್ನು ಕಾಯುತ್ತ ಕೂತೆ.