ಹಸಿರು ಬಂದರೆ ಒತ್ತು

ದೇವದುರ್ಗ ತಾಲೂಕಿನಲ್ಲಿ, ಮಸರಕಲ್ ದಾಟಿ ಒಳಗೆ ಹೋದರೆ ಸಿಗುವ ಹಳ್ಳಿಯೊಂದರ ಶಾಲೆಯಲ್ಲಿ ನಾನು ಟೀಚರು. ಗಂಡ, ಅತ್ತೆ, ಆರು ವರ್ಷದ ಮಗಳು ಇರುವುದು ಮಾನ್ವಿಯಲ್ಲಿ. ಸಿರವಾರದಲ್ಲಿ ಬಸ್ಸು ಬದಲಿಸಿ ದಿನಾ ಹೋಗಿ ಬರುವುದು ಆಗದ ಮಾತು. ಹಾಗಾಗಿ ವಾರವೆಲ್ಲ ದೇವದುರ್ಗದ ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನ ಮಾನ್ವಿ. ಈ ವರ್ಷ ಹೇಗಾದರೂ ಮಾಡಿ ಮಾನ್ವಿ ಕಡೆಗೆ ವರ್ಗ ಮಾಡಿಸಿಕೊಳ್ಳಬೇಕೆಂದಿದ್ದೆ. ಅರ್ಜಿ ಹಾಕಬೇಕಾದರೆ ತರಬೇತಿಯ ವಿಡಿಯೋಗಳನ್ನೆಲ್ಲ ನೋಡಿ ಮುಗಿಸಿರಬೇಕು ಎಂದರು ಇಲಾಖೆಯವರು.

ವಿಡಿಯೋ ನೋಡುವುದೇನು ಮಹಾ ಎನ್ನಬಹುದು. ಇವೇ ವಿಡಿಯೋಗಳು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡುವಂತೆ ಬಿದ್ದಿವೆ. ಕೋಣೆಯಲ್ಲಿ ಅನ್ನಕ್ಕಿಟ್ಟು ನಾನೂ ನೋಡಿದ್ದೆ. ಅದು ಲೆಕ್ಕಕ್ಕಿಲ್ಲ. ತರಬೇತಿಯ ಆ್ಯಪ್ ತೆರೆದು, ಅದರ ಹೊಟ್ಟೆಯೊಳಗೇ ವಿಡಿಯೋ ಓಡಬೇಕು. ಮುಂದಕ್ಕೆ ಎಳೆಯುವಂತಿಲ್ಲ. ಬಂದ ಫೋನು ಎತ್ತಿದರೂ ಸಾಕು, ಆ್ಯಪ್‌ನಿಂದ ಹೊರಗೆ ಹೋದಂತೆ, ಮತ್ತೆ ಮೊದಲಿನಿಂದ ಶುರು. ನಡುನಡುವೆ ‘ನೀವು ಇದ್ದೀರಾ?’ ಎಂದು ಹಸಿರು ಗುಂಡಿ ಬರುತ್ತದೆ. ಒತ್ತದಿದ್ದರೆ ವಿಡಿಯೋ ಮುನಿಸಿಕೊಂಡು ನಿಲ್ಲುತ್ತದೆ. ಹಾಗಾದರೆ ಮಕ್ಕಳಿಗೆ ಪಾಠ ಮಾಡುವುದು ಯಾವಾಗ ಎಂದು ಇದನ್ನು ಮಾಡಿದ ಪುಣ್ಯಾತ್ಮರನ್ನು ಒಮ್ಮೆ ಕೇಳಬೇಕೆಂಬ ಆಸೆ ನನಗಿನ್ನೂ ಇದೆ.

ನಮ್ಮ ಶಾಲೆಯಲ್ಲಿ ಸಿಗ್ನಲ್ ಸಿಗುವುದು ಬಿಸಿಯೂಟದ ಅಡುಗೆಕೋಣೆಯ ಕಿಟಕಿಯಲ್ಲಿ ಮಾತ್ರ. ಮೂವರು ಟೀಚರುಗಳೂ ಅಲ್ಲಿ ಫೋನುಗಳನ್ನು ಸಾಲಾಗಿ ನಿಲ್ಲಿಸಿ, ವಿಡಿಯೋ ಹಚ್ಚಿ ತರಗತಿಗೆ ಹೋಗುತ್ತಿದ್ದೆವು. ಕಾವಲಿಗೆ ಅಡುಗೆಯ ಅಕ್ಕ. ಆಕೆಗೆ ಓದು ಬಾರದು, ಹಸಿರು ಬಂದರೆ ಒತ್ತು ಎಂದಷ್ಟೇ ಹೇಳಿಕೊಟ್ಟಿದ್ದೆವು. ಸಾರಿಗೆ ಒಗ್ಗರಣೆ ಹಾಕುತ್ತಲೇ ಒಂದು ಕಣ್ಣಿಟ್ಟಿದ್ದು, ಸೆರಗಿಗೆ ಕೈ ಒರೆಸಿಕೊಂಡು ಬಂದು ಒತ್ತಿ ಹೋಗುತ್ತಿದ್ದಳು. ನಮ್ಮ ಶಾಲೆಯಲ್ಲಿ ಪೂರ್ತಿ ತರಬೇತಿ ಆದದ್ದು ಆಕೆಗೊಬ್ಬಳಿಗೇ.

ಗಡುವಿನ ದಿನ ಕಿಟಕಿಯಲ್ಲಿ ನನ್ನದೊಂದೇ ಫೋನಿತ್ತು. ಬಾಕಿ ಇದ್ದದ್ದು ಒಂದೇ ವಿಡಿಯೋ, ಮುಕ್ಕಾಲು ಗಂಟೆಯದು. ಸಂಜೆ ಐದರೊಳಗೆ ಮುಗಿಸಬೇಕಿತ್ತು. ಮೂರೂವರೆಗೇ ಹಚ್ಚಿ, ಪಾತ್ರೆ ತೊಳೆಯುತ್ತಿದ್ದ ಅಕ್ಕನಿಗೆ ಒಪ್ಪಿಸಿ ತರಗತಿಗೆ ಹೋದೆ. ನಾಲ್ಕು ಹೊಡೆದ ಮೇಲೆ ಅಡುಗೆಕೋಣೆಯಿಂದ ನಗು ಕೇಳಿಸಿತು. ಹೋಗಿ ನೋಡಿದರೆ ಅಕ್ಕ ಫೋನನ್ನು ಮುಖದ ಹತ್ತಿರ ಹಿಡಿದು ಮಾತಾಡುತ್ತಿದ್ದಾಳೆ, ಪರದೆಯ ಮೇಲೆ ನನ್ನ ಮಗಳು. ಶಾಲೆಯಿಂದ ಬಂದವಳೇ ಅಜ್ಜಿಯ ಫೋನಿನಿಂದ ವಿಡಿಯೋ ಕಾಲ್ ಮಾಡಿದ್ದಾಳೆ. ಅದಕ್ಕೂ ಹಸಿರು ಗುಂಡಿಯೇ ಬಂದಿದೆ.

“ಹಸರು ಬಂತ್ರೀ ಟೀಚರ, ಒತ್ತಿದೆ,” ಎಂದಳು ಅಕ್ಕ, ನನ್ನ ಮುಖ ನೋಡಿ ಹೆದರಿ.

ಸಿಟ್ಟು ನೆತ್ತಿಗೇರಿತು, ಆದರೆ ಬೈಯುವುದು ಯಾರನ್ನು? ಫೋನು ಕಿತ್ತುಕೊಂಡೆ. ಈಗಲೇ ಮೊದಲಿನಿಂದ ಹಚ್ಚಿದರೆ ಐದರೊಳಗೆ ಮುಗಿದೀತು, ಸ್ವಲ್ಪ ತಡವಾದರೂ ಇನ್ನೊಂದು ವರ್ಷ ಅದೇ ಬಾಡಿಗೆ ಕೋಣೆ, ಅದೇ ಬಸ್ಸು. ಅಷ್ಟರಲ್ಲಿ ಮಗಳು ಬಾಯಿ ಅಗಲಿಸಿ ಪರದೆಗೆ ತಂದಳು. ಕೆಳಗಿನ ಸಾಲಿನ ಮುಂದಿನ ಹಲ್ಲು ನಾಲಿಗೆ ತಾಗಿದರೆ ಸಾಕು ಬಾಗುತ್ತಿತ್ತು. ಅವಳಿಗೆ ಬೀಳಲಿರುವ ಮೊದಲ ಹಲ್ಲು.

“ಯವ್ವಾ, ಇವತ್ತ ಬೀಳ್ತದಂತ. ನೀ ನೋಡಬೇಕು, ಕಟ್ ಮಾಡಬ್ಯಾಡ.”

ಶನಿವಾರ ಬಂದು ನೋಡುತ್ತೇನೆ ಎಂದೆ.

“ಶನಿವಾರತನಾ ಹಲ್ಲು ಇರ್ತದೇನು?” ಎಂದು ಕೇಳಿ ಅಳತೊಡಗಿದಳು.

ಇವಳ ಹತ್ತಿರ ಇರಬೇಕೆಂದೇ ಅಲ್ಲವೇ ಇಷ್ಟೆಲ್ಲ ಗೋಳು? ಹತ್ತಿರ ಹೋಗಬೇಕಾದರೆ ಈಗ ಇವಳ ಮಾತನ್ನೇ ಅರ್ಧಕ್ಕೆ ಕತ್ತರಿಸಬೇಕು. ಕತ್ತರಿಸಿದೆ.

ನನ್ನ ತರಗತಿಯ ಮಕ್ಕಳನ್ನು ಪಕ್ಕದ ತರಗತಿಯ ಟೀಚರು ಮನೆಗೆ ಕಳಿಸಿದರು. ನಾನು ಕಿಟಕಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತೆ. ಫೋನು ಕಿಟಕಿ ಬಿಡುವಂತಿಲ್ಲ, ನಾನು ಫೋನು ಬಿಡುವಂತಿಲ್ಲ. ಕಟ್ಟಿಹಾಕಿದ ದನಕ್ಕಾದರೂ ಹಗ್ಗ ಕಾಣುತ್ತದೆ. ನಡುವೆ ಎರಡು ಸಲ ಮಾನ್ವಿಯಿಂದ ಕರೆ ಬಂತು, ಎರಡು ಸಲವೂ ಕೆಂಪು ಒತ್ತಿದೆ. ಕೊನೆಗೆ ಒಂದು ಪ್ರಶ್ನೆ ಬಂತು: ಮಗು ಅಳುತ್ತಿದ್ದರೆ ನೀವು ಏನು ಮಾಡುತ್ತೀರಿ? ‘ಹತ್ತಿರ ಕೂತು ಅದರ ಮಾತು ಪೂರ್ತಿ ಕೇಳುತ್ತೇನೆ’ ಎಂಬುದನ್ನು ಆರಿಸಿದೆ. ಸರಿ ಉತ್ತರ, ಅಭಿನಂದನೆಗಳು ಎಂದಿತು ಆ್ಯಪ್. ಫೋನನ್ನೇ ಎತ್ತಿ ಗೋಡೆಗೆ ಬಡಿಯಬೇಕೆನಿಸಿತು. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ಕೂಡಲೇ ಮಾನ್ವಿಗೆ ಫೋನು ಹಚ್ಚಿದೆ. ಅತ್ತೆ ಎತ್ತಿದರು.

“ಹಲ್ಲು ಬಿತ್ತವ್ವಾ. ನಿನಗ ತೋರಸ್ತೀನಂತ ಮುಠ್ಯಾಗ ಹಿಡಕೊಂಡು ಕುಂತಿದ್ಳು. ಎರಡು ಸಲ ಹಚ್ಚಿದ್ವಿ, ನೀ ಎತ್ತಲಿಲ್ಲ. ಸಗಣ್ಯಾಗ ಇಟ್ಟು ಮಾಳಗಿ ಮ್ಯಾಲ ಒಗದ್ವಿ.”

ಅವಳಿಗೆ ಕೊಡಿ ಎಂದೆ. ಕರೆದರು. ಮಗಳು ಫೋನಿಗೆ ಬರಲಿಲ್ಲ.