ದೊರೆಯನ್ನು ಕೊಂದವರ ಕತೆ ಹೇಳುತ್ತಿದ್ದ ನಾದಿನಿ

ನನ್ನ ನಾದಿನಿ ನಮ್ಮ ಮನೆಗೆ ಬಂದದ್ದು ಎರಡು ವಾರಕ್ಕೆಂದು. ಕೊರೋನಾ ಶುರುವಾಗಿ, ಇಲ್ಲಿ ಐರ್ಲೆಂಡಿನಲ್ಲಿ ಅವಳು ಓದುತ್ತಿದ್ದ ಮೇನೂತ್ ಯೂನಿವರ್ಸಿಟಿಯ ಹಾಸ್ಟೆಲ್ ಖಾಲಿ ಮಾಡಿಸಿದರು. ಹುಡುಗಿ ಎರಡು ಬ್ಯಾಗು ಹಿಡಿದುಕೊಂಡು ಲೂಕನ್ನಿನ ನಮ್ಮ ಮನೆ ಬಾಗಿಲಲ್ಲಿ ನಿಂತಳು. ಗಂಡನ ಒಬ್ಬಳೇ ತಂಗಿ, ಬೇಡ ಎನ್ನಲಾಗುತ್ತದೆಯೇ? ಬಿರಿಯಾನಿ ಮಾಡಿ ನಾನೇ ಒಳಗೆ ಕರೆದುಕೊಂಡೆ. ಇದ್ದದ್ದು ಆರು ತಿಂಗಳು. ಆ ಆರು ತಿಂಗಳಲ್ಲಿ ನಾನು ಪಟ್ಟ ಹೊಟ್ಟೆಕಿಚ್ಚನ್ನು ಸವತಿಯ ಮೇಲೂ ಯಾರೂ ಪಟ್ಟಿರಲಿಕ್ಕಿಲ್ಲ.

ಕಾರಣ ನನ್ನ ಮಗಳು. ನಮ್ಮದು ಗದಗಿನ ಕಡೆಯ ನದಾಫರ ಮನೆತನ, ಮನೆಮಾತು ಕನ್ನಡ. ಮಗಳು ಇಲ್ಲೇ ಹುಟ್ಟಿದವಳು, ಆಗ ಅವಳಿಗೆ ಒಂಬತ್ತು ವರ್ಷ. ನಾನು ಕನ್ನಡದಲ್ಲಿ ಕೇಳುವುದು, ಅವಳು ಐರಿಶ್ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ಹಸಿವಾಯಿತೇ ಎಂದರೆ 'ಐ ಆಮ್ ಗ್ರ್ಯಾಂಡ್,' ಅಂದರೆ ಇಲ್ಲಿಯವರ ಮಾತಿನಲ್ಲಿ ಆರಾಮಿದ್ದೇನೆ ಎಂದು. ಜ್ವರ ಬಂತೇ ಎಂದರೂ 'ಗ್ರ್ಯಾಂಡ್.' ಒಂಬತ್ತು ವರ್ಷ ಒಗಟು ಹೇಳಿದೆ, ಜೋಗುಳ ಹಾಡಿದೆ, ಮುದ್ದು ಮಾಡಿದೆ, ಬೈದೆ. ಎಲ್ಲವೂ ಅವಳಿಗೆ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಇಷ್ಟೇ ನನ್ನ ಪಾಲಿಗೆ ಬಂದದ್ದು ಎಂದು ಸುಮ್ಮನಾಗಿದ್ದೆ.

ನನ್ನ ಕೆಲಸ ಸ್ಯಾಂಟ್ರಿಯಲ್ಲಿ, ಔಷಧಿ ಪ್ಯಾಕ್ ಮಾಡುವ ಒಂದು ಕಂಪನಿಯಲ್ಲಿ. ಊರಿಗೆ ಊರೇ ಮನೆಯೊಳಗೆ ಕೂತಿದ್ದರೂ ನಮಗೆ ರಜೆ ಇರಲಿಲ್ಲ. ಖಾಲಿ ರಸ್ತೆಯಲ್ಲಿ ಗಾಡಿ ಓಡಿಸಿಕೊಂಡು, ದಾರಿಯಲ್ಲಿ ನಿಲ್ಲಿಸುವ ಪೊಲೀಸರಿಗೆ ಕಂಪನಿಯ ಪತ್ರ ತೋರಿಸಿ ಹೋಗುವುದು. ಸಂಜೆ ಹಿತ್ತಿಲ ಬಾಗಿಲಿಂದ ಒಳಗೆ ಬಂದು, ಬಟ್ಟೆ ಮಷೀನಿಗೆ ಹಾಕಿ, ಸ್ನಾನ ಮಾಡಿದ ಮೇಲೆಯೇ ಮಗಳನ್ನು ಮುಟ್ಟುವುದು. ಗಂಡ ಮೇಲಿನ ಸಣ್ಣ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಮೀಟಿಂಗಿನಲ್ಲಿ. ಹೀಗಾಗಿ ಮಗಳು ಇಡೀ ದಿನ ನಾದಿನಿಯ ಕೈಗೆ ಬಿದ್ದಳು.

ನಾದಿನಿ ಓದುತ್ತಿದ್ದದ್ದು ಇತಿಹಾಸದ ಎಂ.ಎ. ಥೀಸಿಸ್ ಬರೆಯುತ್ತಿದ್ದದ್ದು ರಷ್ಯಾದ ದೊರೆ ಝಾರನನ್ನು ಕೊಲ್ಲಲು ಸಂಚು ಹೂಡಿದ ಕ್ರಾಂತಿಕಾರಿಗಳ ಮೇಲೆ. ಲೈಬ್ರರಿ ಮುಚ್ಚಿತ್ತು, ಮಾತಾಡಲು ಇನ್ನೊಬ್ಬರಿರಲಿಲ್ಲ. ಓದಿದ್ದನ್ನೆಲ್ಲ ಸಂಜೆ ಹೊತ್ತಿಗೆ ಕತೆ ಮಾಡಿ ನನ್ನ ಮಗಳಿಗೆ ಹೇಳುತ್ತಿದ್ದಳು, ನಮ್ಮ ಗದಗಿನ ಕನ್ನಡದಲ್ಲಿ. ಒಂದು ಷರತ್ತು ಹಾಕಿದ್ದಳಂತೆ: ಮುಂದೇನಾಯಿತು ಎಂದು ಕನ್ನಡದಲ್ಲಿ ಕೇಳಿದರೆ ಮಾತ್ರ ಮುಂದಿನ ಕತೆ. ಇಂಗ್ಲಿಷಿನಲ್ಲಿ ಕೇಳಿದರೆ ಝಾರ್ ಅಲ್ಲೇ ಕೂತಿರುತ್ತಾನೆ, ಏಳುವುದಿಲ್ಲ.

ನನಗೆ ಇದು ಗೊತ್ತಿರಲಿಲ್ಲ. ಒಂದು ಸಂಜೆ ಕೆಲಸದ ಬಟ್ಟೆಯಲ್ಲೇ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಒಳಗೆ ನಾದಿನಿ, ಅರಮನೆಗೆ ಬಡಿಗನಾಗಿ ಸೇರಿಕೊಂಡ ಒಬ್ಬನ ಕತೆ ಹೇಳುತ್ತಿದ್ದಳು. ದಿನಕ್ಕಿಷ್ಟು ಸಿಡಿಮದ್ದು ಒಳಗೆ ಸಾಗಿಸಿ ತಲೆದಿಂಬಿನ ಕೆಳಗೆ ಬಚ್ಚಿಡುತ್ತಿದ್ದನಂತೆ, ಅದರ ವಾಸನೆಗೆ ತಲೆ ಸಿಡಿಯುತ್ತಿತ್ತಂತೆ. ಅಷ್ಟರಲ್ಲಿ ಇನ್ನೊಂದು ದನಿ ಕೇಳಿತು: "ಫುಪ್ಪು, ಆಮ್ಯಾಲೆ ಏನಾತು?"

ನನ್ನ ಮಗಳ ದನಿ. ನನ್ನ ತವರಿನ ಮಾತು. ಖುಷಿಯಾಗಬೇಕಿತ್ತಲ್ಲವೇ? ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಒಂಬತ್ತು ವರ್ಷ ನಾನು ಉತ್ತು ಬಿತ್ತಿದ್ದನ್ನು ನಿನ್ನೆ ಮೊನ್ನೆ ಬಂದವಳು ಕೊಯ್ದುಕೊಂಡಳಲ್ಲ ಎಂದು ಸಂಕಟವಾಯಿತು. ಸ್ನಾನಕ್ಕೆ ಹೋಗಿ ಷವರಿನ ಕೆಳಗೆ ನಿಂತು ಅತ್ತುಬಿಟ್ಟೆ.

ನಾನೂ ಪ್ರಯತ್ನ ಪಟ್ಟೆ. ಊಟಕ್ಕೆ ಕೂತಾಗ ನನ್ನ ಬಾಲ್ಯದ ಕತೆ ತೆಗೆದೆ. ಅಪ್ಪ ಹತ್ತಿ ಎಕ್ಕಿ ಗಾದಿ ಹೊಲಿಯುತ್ತಿದ್ದದ್ದು, ಆ ಹತ್ತಿಯ ರಾಶಿಯಲ್ಲಿ ನಾವು ಹುಡುಗಿಯರು ಜಿಗಿಯುತ್ತಿದ್ದದ್ದು. ಮಗಳು ಮರ್ಯಾದೆಯಿಂದ ಕೇಳಿ 'ದ್ಯಾಟ್ಸ್ ನೈಸ್, ಅಮ್ಮಿ' ಎಂದು ನಾದಿನಿಯ ಕಡೆ ತಿರುಗಿದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾನು ಆ ಗಿಡವಾಗಿ ಮೂಲೆಯಲ್ಲಿ ಕೂತು ಅನ್ನ ಕಲಸಿದೆ.

ಬೇಸಿಗೆಗೆ ಚೀಸ್ ಅಂಗಡಿ ಬಂತು. ಪೀಟರ್ಸ್‌ಬರ್ಗಿನಲ್ಲಿ ಆ ಸಂಚುಗಾರರು ಒಂದು ಚೀಸ್ ಅಂಗಡಿ ತೆಗೆದು, ಒಬ್ಬ ಗಂಡು ಒಬ್ಬ ಹೆಣ್ಣು ಗಂಡಹೆಂಡಿರೆಂದು ಹೇಳಿಕೊಂಡು, ಒಳಗಿನಿಂದ ಝಾರನ ರಸ್ತೆಯ ಅಡಿಗೆ ಸುರಂಗ ಕೊರೆದರಂತೆ. ಅಗೆದ ಮಣ್ಣನ್ನು ಪೀಪಾಯಿಗಳಲ್ಲಿ ತುಂಬಿ ಮುಚ್ಚಿಟ್ಟಿದ್ದರಂತೆ. ನಮ್ಮ ಊಟದ ಮೇಜಿನ ಮೇಲೆ ಚೆಡ್ಡರ್ ಚೀಸಿನ ಅಂಗಡಿ, ಕೆಳಗೆ ಕಂಬಳಿ ಇಳಿಬಿಟ್ಟು ಸುರಂಗ. ನನ್ನ ತೊಗರಿಬೇಳೆ, ಕಡಲೆಬೇಳೆಯ ಡಬ್ಬಿಗಳೆಲ್ಲ ಮಣ್ಣಿನ ಪೀಪಾಯಿ. ನನಗೆ ಕೊಟ್ಟ ಪಾತ್ರ, ಅಂಗಡಿ ತಪಾಸಣೆಗೆ ಬರುವ ಅಧಿಕಾರಿಯದು. ಬಂದು, ಏನೂ ಕಾಣದೆ ಹೊರಟುಹೋಗಬೇಕು. ಎರಡು ನಿಮಿಷದ ಪಾತ್ರ.

ಮಗುವಿಗೆ ಕೊಲೆಯ ಕತೆ ಯಾಕೆ ಎಂದು ಗಂಡನ ಹತ್ತಿರ ತಕರಾರು ತೆಗೆದೆ. ಕೊಂದವರನ್ನೇನು ಅವಳು ಹೊಗಳುವುದಿಲ್ಲ, ಸತ್ತವರಿಗೂ ಮರುಗುತ್ತಾಳೆ, ನಿನ್ನ ಮಗಳು ಕನ್ನಡ ಆಡುತ್ತಿದ್ದಾಳಲ್ಲ ಅದನ್ನು ನೋಡು ಎಂದು ಅವರು ನಕ್ಕರು. ಅದನ್ನೇ ನೋಡುತ್ತಿದ್ದೆ, ಮಾರಾಯರೆ, ಬೇರೆ ಏನನ್ನು ನೋಡುತ್ತಿದ್ದೆ?

ಜುಲೈ ತಿಂಗಳಲ್ಲಿ ಒಂದು ದಿನ, ಒಣಗಿದ ಬಟ್ಟೆ ಮಡಚುವಾಗ ನಾದಿನಿ ಮೆಲ್ಲಗೆ ಬಾಯಿ ಬಿಟ್ಟಳು. ಅವಳ ಪ್ರೊಫೆಸರು ಪಿಎಚ್‌ಡಿಗೆ ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ, ಇನ್ನೂ ನಾಲ್ಕು ವರ್ಷ ಇಲ್ಲೇ. ಊರಲ್ಲಿ ಅತ್ತೆ ಆಗಲೇ ಒಂದು ಸಂಬಂಧಕ್ಕೆ ಮಾತು ಕೊಟ್ಟಿದ್ದರು, ವಿಮಾನ ಶುರುವಾಗಲಿ ಎಂದು ಕಾಯುತ್ತಿದ್ದರು. "ಥೀಸಿಸ್ ಕೊಟ್ಟ ಮ್ಯಾಲೆ ನಾನ ಅವ್ವಗ ತಿಳಿಸಿ ಹೇಳ್ತೀನಿ, ಭಾಬಿ," ಎಂದಳು. "ಅಲ್ಲೀತನಕ ನಿಮ್ಮ ಹೊಟ್ಟ್ಯಾಗ ಇರ್ಲಿ."

ಅವಳಿಗೆ ಆ ಓದು ಎಂದರೆ ಜೀವ ಎಂದು ನನಗೆ ಗೊತ್ತಿತ್ತು. ಆದರೂ ನನಗೆ ಕೇಳಿದ್ದು ನಾಲ್ಕು ವರ್ಷ ಎಂಬುದು ಮಾತ್ರ. ನಾಲ್ಕು ವರ್ಷಕ್ಕೆ ಮಗಳಿಗೆ ಹದಿಮೂರು. ಅಷ್ಟರಲ್ಲಿ ನನಗೆ ಏನು ಉಳಿದೀತು?

ನಮ್ಮಲ್ಲಿ ಭಾನುವಾರ ಅತ್ತೆಗೆ, ಅಂದರೆ ಮಗಳ ದಾದಿಗೆ, ವಿಡಿಯೊ ಕಾಲ್. ಸಕ್ಕರೆ ಡಬ್ಬಿಗೆ ಫೋನು ಒರಗಿಸಿ ಒಬ್ಬೊಬ್ಬರೇ ಬಂದು ಸಲಾಂ ಹೇಳಿ ಹೋಗುವುದು. ಕೊನೆಗೆ ನಾನು ಉಳಿಯುವುದು, ಯಾಕೆಂದರೆ ಅತ್ತೆಗೆ ಒಲೆಯ ಮೇಲೆ ಏನಿದೆ ಎಂದು ನೋಡಬೇಕು. ಆ ಭಾನುವಾರ ಉಳಿದವರು ಸಲಾಂ ಮುಗಿಸಿ ನದಿಯ ಕಡೆ ತಿರುಗಾಡಲು ಹೊರಟರು. ಮಗಳು ನಾದಿನಿಯ ಕೈ ಹಿಡಿದು ಹೋದಳು. ಹೋಗಿ ಬರ್ತೀನಿ ಎಂದು ಒಂದು ಮಾತು ನನಗೆ ಹೇಳಲಿಲ್ಲ. ನಾನು ಸಾರಿಗೆ ಒಗ್ಗರಣೆ ಕೊಡುತ್ತ, ಕೊಡುತ್ತ, ಅತ್ತೆಗೆ ಹೇಳಿಬಿಟ್ಟೆ.

ಒಂದು ಮಾತೂ ಸುಳ್ಳು ಹೇಳಲಿಲ್ಲ, ಅದೇ ನನ್ನ ಹೆಚ್ಚುಗಾರಿಕೆ. ನಾಲ್ಕು ವರ್ಷ ಇರಬೇಕೆಂದಿದ್ದಾಳೆ ಎಂದೆ. ಅದು ನಿಜ. ಬುಧವಾರ ಬುಧವಾರ ಬಾಗಿಲು ಹಾಕಿಕೊಂಡು ಒಬ್ಬ ಹುಡುಗನ ಜೊತೆ ವಿಡಿಯೊದಲ್ಲಿ ಮಾತಾಡುತ್ತಾಳೆ ಎಂದೆ. ಅದೂ ನಿಜ. ಅವನು ಅವಳ ಕ್ಲಾಸಿನವ, ರಷ್ಯನ್ ಬಲ್ಲವ, ಹಳೆಯ ಕಾಗದಪತ್ರ ಓದಿ ಅರ್ಥ ಹೇಳುತ್ತಾನೆ, ಮಗಳ ಗಲಾಟೆಗೆ ಬಾಗಿಲು ಹಾಕಿಕೊಳ್ಳುತ್ತಾಳೆ ಎಂಬುದನ್ನು ಹೇಳಲಿಲ್ಲ. ಹುಡುಗಿಯ ಕಾಳಜಿಯಿಂದ ಹೇಳುವವಳ ಹಾಗೆ ದನಿ ಇಳಿಸಿದ್ದೆ. ಕೊನೆಗೆ, "ನಾ ಹೇಳೀನಿ ಅಂತ ಹೇಳಬ್ಯಾಡ್ರಿ, ಅತ್ತೀ," ಎಂದೆ.

ಅತ್ತೆ ಬೈಯಲಿಲ್ಲ, ಕೂಗಾಡಲಿಲ್ಲ. ಮರುದಿನ ಮಗನಿಗೆ ಫೋನು ಮಾಡಿ, ಆ ಹುಡುಗನ ಸುದ್ದಿ ಎತ್ತಿ, ಥೀಸಿಸ್ ಕೊಟ್ಟ ಮೇಲೆ ಮೊದಲು ಸಿಗುವ ವಿಮಾನಕ್ಕೆ ತಂಗಿಯನ್ನು ಹತ್ತಿಸು ಎಂದರು. ಸಂಜೆ ಎಲ್ಲರೂ ಮೇಜಿನ ಸುತ್ತ ಕೂತಿದ್ದಾಗ ನಾದಿನಿ ಫೋನು ಸ್ಪೀಕರಿಗೆ ಹಾಕಿ ಅಮ್ಮನಿಗೆ ತಿಳಿಸಿ ಹೇಳಲು ನೋಡಿದಳು: ಅಂಥದ್ದೇನೂ ಇಲ್ಲ, ಓದಿನ ಮಾತು ಅಷ್ಟೇ ಎಂದು. ಆ ಕಡೆಯಿಂದ ಉತ್ತರ ಬಂತು: "ನಿನ್ನ ಭಾಬಿ ಕಣ್ಣಾರೆ ನೋಡ್ಯಾಳ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾದಿನಿ ನನ್ನ ಕಡೆ ನೋಡಿದಳು. ಜಗಳಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವಳು ಫೋನು ಆರಿಸಿ ತಟ್ಟೆ ತೊಳೆಯಲು ಎದ್ದಳು. ಗಂಡ ಮಾತ್ರ ಮಗಳ ಎದುರಿಗೇ, "ನಿನ್ನ ಹೊಟ್ಟಿಕಿಚ್ಚಿಗೆ ಒಂದು ಮಿತಿ ಐತೇನು?" ಎಂದರು. ನನ್ನ ಹೊಟ್ಟೆಯೊಳಗಿನದು ಯಾರಿಗೂ ಕಂಡಿಲ್ಲ ಎಂದುಕೊಂಡಿದ್ದೆ. ಮನೆಮಂದಿಗೆಲ್ಲ ಗೊತ್ತಿತ್ತಂತೆ.

ಸೆಪ್ಟೆಂಬರಿನಲ್ಲಿ ನಾದಿನಿ ಮಾಸ್ಕ್ ಹಾಕಿಕೊಂಡು ವಿಮಾನ ಹತ್ತಿದಳು. ನಾನು ದಾರಿಗೆಂದು ಕಟ್ಟಿಕೊಟ್ಟ ಚಪಾತಿಯನ್ನು ಬೇಡವೆನ್ನದೆ ತೆಗೆದುಕೊಂಡಳು. ಗದಗಿನಲ್ಲಿ ನಿಶ್ಚಿತಾರ್ಥದ ದಿನ ಗೊತ್ತು ಮಾಡುತ್ತಿದ್ದರು. ಪ್ರೊಫೆಸರು ವರ್ಷದ ಕೊನೆಯವರೆಗೆ ಸೀಟು ಕಾಯ್ದಿಡುತ್ತೇನೆ ಎಂದಿದ್ದರಂತೆ. ಮನೆಯಲ್ಲಿ ಮಗಳ ಕನ್ನಡ ನಿಂತುಹೋಯಿತು. ಮೊದಲು ಇಂಗ್ಲಿಷಿನಲ್ಲಾದರೂ ಉತ್ತರ ಬರುತ್ತಿತ್ತು, ಈಗ ಬರೀ ತಲೆಯಾಡಿಸುವುದು. ನನಗೆ ಬೇಕಾಗಿದ್ದವಳು ಪೂರ್ತಿ ನನ್ನ ಪಾಲಿಗೇ ಬಂದಿದ್ದಳು, ಹೀಗೆ.

ನಾದಿನಿಯ ಕತೆ ಝಾರನನ್ನು ಕೊಂದ ದಿನಕ್ಕೆ ಮುಂಚೆಯೇ ನಿಂತುಹೋಗಿತ್ತು. ಅದನ್ನು ನಾನೇ ಮುಗಿಸಿದರೆ ಮಗಳು ಬಾಯಿ ಬಿಟ್ಟಾಳು ಎಂಬ ಆಸೆ ಹುಟ್ಟಿತು. ಅವಳ ಥೀಸಿಸ್ ಗಂಡನ ಕಂಪ್ಯೂಟರಿನಲ್ಲಿತ್ತು, ನನ್ನ ಫೋನಿಗೆ ಹಾಕಿಕೊಂಡೆ. ಕಂಪನಿಯಲ್ಲಿ ಊಟದ ಬಿಡುವಿನಲ್ಲಿ, ಕಾರಿನೊಳಗೆ ಕೂತು, ದಿನಕ್ಕೆರಡು ಪುಟ ಓದಿದೆ. ಒಂದು ತಿಂಗಳು ಹಿಡಿಯಿತು. ಓದುತ್ತ ಓದುತ್ತ ಹುಡುಗಿ ಎಷ್ಟು ಚೆನ್ನಾಗಿ ಬರೆಯುತ್ತಾಳೆ ಎಂದು ಗೊತ್ತಾಗಿ ಮತ್ತಷ್ಟು ಉರಿದುಕೊಂಡೆ, ಸುಳ್ಳೇಕೆ ಹೇಳಲಿ.

ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ, ಗಂಡ ದಿನಸಿ ತರಲು ಹೋಗಿದ್ದಾಗ, ಮಗಳ ಮುಂದೆ ದೋಸೆ ಇಟ್ಟು ಶುರುಮಾಡಿದೆ. ಅಷ್ಟು ಕಷ್ಟಪಟ್ಟು ಕೊರೆದ ಸುರಂಗ ಕೆಲಸಕ್ಕೆ ಬರಲಿಲ್ಲ, ಝಾರ್ ಆ ದಿನ ಬೇರೆ ದಾರಿ ಹಿಡಿದ. ಒಬ್ಬ ಹೆಣ್ಣುಮಗಳು ಕರವಸ್ತ್ರ ಬೀಸಿ ಸನ್ನೆ ಮಾಡಿದಳು. ಮೊದಲ ಬಾಂಬು ಗಾಡಿಗೆ ಬಿತ್ತು, ಝಾರ್ ಕೆಳಗಿಳಿದ, ಎರಡನೆಯದು ಅವನನ್ನು ಕೊಂದಿತು. ಮೊದಲ ಬಾಂಬು ಎಸೆದವನು ಹತ್ತೊಂಬತ್ತರ ಹುಡುಗ. ಸಿಕ್ಕಿಬಿದ್ದ ಮೇಲೆ ಜೊತೆಯವರ ಹೆಸರು, ಮನೆ, ಎಲ್ಲವನ್ನೂ ಪೊಲೀಸರಿಗೆ ಹೇಳಿಬಿಟ್ಟ. ಹೇಳಿದನೆಂದು ಅವನನ್ನೇನೂ ಬಿಡಲಿಲ್ಲ, ಅವನನ್ನೂ ನೇಣಿಗೆ ಹಾಕಿದರು.

ಮಗಳು ದೋಸೆ ಮುರಿಯುವುದನ್ನು ನಿಲ್ಲಿಸಿದಳು. "ಅವಗೂ ಹೊಟ್ಟಿಕಿಚ್ಚು ಇತ್ತೇನು, ಅಮ್ಮಿ?"

ಅವಳು ನನ್ನೊಡನೆ ಕನ್ನಡದಲ್ಲಿ ಆಡಿದ ಮೊದಲ ಪೂರ್ತಿ ಮಾತು ಅದು. ಅಣಕಿಸಲು ಕೇಳಲಿಲ್ಲ, ತಿಳಿದುಕೊಳ್ಳಲು ಕೇಳಿದಳು. ನಾನು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟೆ.

"ಇಲ್ಲವ್ವಾ. ಅವಗ ಜೀವದ ಹೆದರಿಕಿ ಇತ್ತು," ಎಂದೆ. "ಹೊಟ್ಟಿಕಿಚ್ಚು ನನಗಿತ್ತು. ನೀ ಫುಪ್ಪು ಜೋಡಿ ಮಾತಾಡ್ತಿದ್ದಿ, ನನ್ನ ಜೋಡಿ ಆಡ್ತಿರಲಿಲ್ಲ. ಫುಪ್ಪುನ ಕ್ಲಾಸಿನ ಆ ಹುಡುಗ ಬರೀ ಓದಿ ಹೇಳಾವ ಅಂತ ನನಗ ಗೊತ್ತಿತ್ತು."

ಇಷ್ಟನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಹೇಳಿದ ಮೇಲೆ ಮಗಳು ಬಂದು ತಬ್ಬಿಕೊಂಡಾಳು ಎಂದು ಕಾದೆ. ಅವಳು ಎದ್ದು ಹೋಗಿ ಕಪಾಟಿನ ಮೇಲಿದ್ದ ನನ್ನ ಫೋನು ತಂದು ಮೇಜಿನ ಮೇಲಿಟ್ಟಳು.

"ನನಗಲ್ಲ," ಎಂದಳು. "ದಾದಿಗ ಹೇಳು."

ಅಲ್ಲಿ ಈಗ ಊಟದ ಹೊತ್ತು, ಅಪ್ಪ ಬರಲಿ, ಎಲ್ಲರೂ ಸೇರಿ ಮಾಡೋಣ ಎಂದೆ. ಅವಳು ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತಳು.

"ಉಂಡಿರ್ತಾರ," ಎಂದಳು. "ಫೋನ್ ಹಚ್ಚು."

ಹಚ್ಚಿದೆ.